ಡೈಸ್ ಇದೆ ಅಂತ ಪ್ಯಾಕೆಟ್ಟನ್ನೂ ಲಕ್ಕಿಗೆ ಬಿಡ್ಬೇಡಿ

ನನ್ನ ಹತ್ರ ಸಲಹೆಗೆ ಬರೋ ಹೊಸ ಗೇಮ್ ಡಿಸೈನರ್‌ಗಳು ಬಹುತೇಕ ಒಳ್ಳೆ ಹುಡುಗ್ರು, ಹುಡುಗೀರು. ಹಗಲು ಐಟಿ ಕೆಲಸ, ರಾತ್ರಿ ಕೂತು ಆರ್‌ಪಿಜಿ, ಅಂದ್ರೆ ಟೇಬಲ್ ಸುತ್ತ ಕೂತು ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕಥೆ ಕಟ್ತಾ ಆಡೋ ಆಟ, ಅದಕ್ಕೆ ರೂಲ್ಸ್ ಬರೀತಾರೆ, ಬೇತಾಳ, ಹಂಪಿ, ಮಲೆನಾಡಿನ ಕಾಡು ಎಲ್ಲಾ ಸೇರಿಸಿ ಚೆಂದದ ಲೋಕ ಕಟ್ಟಿರ್ತಾರೆ, ಓದ್ತಾ ಓದ್ತಾ ನನಗೂ ಆಡ್ಬೇಕು ಅನ್ಸತ್ತೆ. ಆಮೇಲೆ ಕೊನೇ ಪೇಜಲ್ಲಿ ಬರತ್ತೆ ನೋಡಿ: ಬೂಸ್ಟರ್ ಪ್ಯಾಕ್, 8 ಕಾರ್ಡು, 150 ರೂಪಾಯಿ, ಒಳಗೆ ಏನಿದೆ ಅಂತ ಒಡೆದ ಮೇಲೇ ಗೊತ್ತಾಗೋದು.

ಯಾಕಪ್ಪಾ ಇದು ಅಂದ್ರೆ ಎಲ್ರದ್ದೂ ಒಂದೇ ಉತ್ತರ. "ಮೇಡಂ, ಹೇಗಿದ್ರೂ ಆಟದಲ್ಲಿ ಡೈಸ್ ಇದೆ, ಎಲ್ಲಾ ಲಕ್ಕೇ ತಾನೆ, ಕಾರ್ಡೂ ಲಕ್ಕಲ್ಲೇ ಬರ್ಲಿ ಬಿಡಿ."

ಇದನ್ನ ಕೇಳಿ ಕೇಳಿ ಸಾಕಾಗಿ ಈ ಸಲ ಬರೆದೇ ಬಿಡೋಣ ಅಂತ ಕೂತಿದೀನಿ. ಚೌಕಾಬಾರದಲ್ಲಿ ಕವಡೆ ಹಾಕ್ತೀವಲ್ಲ, ಎಷ್ಟು ಬೀಳತ್ತೆ ಅನ್ನೋದು ಅದೃಷ್ಟ, ಆದ್ರೆ ಆಡೋ ಎಲ್ರೂ ಅದೇ ಕವಡೆ ಹಾಕ್ತಾರೆ, ಅಜ್ಜಿಗೂ ಅದೇ, ಮೊಮ್ಮಗುಗೂ ಅದೇ. ದುಡ್ಡು ಜಾಸ್ತಿ ಕೊಟ್ಟೋರ ಕೈಗೆ ಜಾಸ್ತಿ ಬೀಳೋ ಕವಡೆ ಕೊಟ್ರೆ ಯಾರಾದ್ರೂ ಆಡ್ತಾರಾ? ಟೇಬಲ್ ಮೇಲೆ ಬೀಳೋ ಅದೃಷ್ಟ ಕಥೆಗೆ ಸೇರಿದ್ದು, ಅದನ್ನ ಆಡೋ ಎಲ್ರೂ ಒಟ್ಟಿಗೆ ನೋಡ್ತಾರೆ, ಕೂಗಾಡ್ತಾರೆ, ತಲೆ ಚಚ್ಕೋತಾರೆ. ಅಂಗಡಿ ಕೌಂಟರ್ ಮುಂದೆ ಪ್ಯಾಕೆಟ್ ಒಡೆಯುವಾಗ ಬರೋ ಅದೃಷ್ಟ ಒಬ್ಬನ ಜೇಬಿಗೆ ಸೇರಿದ್ದು. ಎರಡಕ್ಕೂ ಒಂದೇ ಹೆಸರಿಟ್ಕೊಂಡು ಎರಡನೇದನ್ನ ಮೊದಲನೇದರ ಬೆನ್ನಿಗೆ ಕಟ್ತಾರೆ, ಅಷ್ಟೇ ನನ್ನ ತಕರಾರು.

ಇದು ಹೊಸ ಐಡಿಯಾ ಅಂತಾನೂ ಅನ್ಕೋಬೇಡಿ, ದೊಡ್ಡೋರು ಮಾಡಿ ನೋಡಿದಾರೆ. 2010ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಗಾಮಾ ವರ್ಲ್ಡ್ ಅನ್ನೋ ಹಳೇ ಆರ್‌ಪಿಜಿಯನ್ನ ಹೊಸದಾಗಿ ತಂತು. ಬಾಕ್ಸ್ ಒಳಗೆ 80 ಕಾರ್ಡಿನ ಡೆಕ್ಕು: ಒಂದಿಷ್ಟು ಆಲ್ಫಾ ಮ್ಯುಟೇಶನ್, ಅಂದ್ರೆ ನಿಮ್ಮ ಪಾತ್ರಕ್ಕೆ ಇದ್ದಕ್ಕಿದ್ದಂಗೆ ಹುಟ್ಟೋ ಶಕ್ತಿಗಳು, ಇನ್ನೊಂದಿಷ್ಟು ಒಮೇಗಾ ಟೆಕ್, ಅಂದ್ರೆ ಅವಶೇಷಗಳಲ್ಲಿ ಸಿಗೋ ಯಂತ್ರಗಳು. ಒಂದು ಹೊಡೆದಾಟ ಮುಗಿದು ಇನ್ನೊಂದು ಬರೋ ಹೊತ್ತಿಗೆ ಹಳೇ ಮ್ಯುಟೇಶನ್ ಹೋಗಿ ಹೊಸದು ಬರತ್ತೆ, ಈಗ ರೆಕ್ಕೆ ಇದ್ದೋನಿಗೆ ಆಮೇಲೆ ಇನ್ನೇನೋ. ಇದು ಭಾರಿ ಮಜಾ ಇತ್ತು, ಅದ್ರಲ್ಲಿ ನನಗೆ ಅನುಮಾನಾನೇ ಇಲ್ಲ, ಯಾಕಂದ್ರೆ ಕಲೆಸಿ ಇಟ್ಟ ಆ ಡೆಕ್ಕಿಂದಾನೇ ಎಲ್ರೂ ಎಳೀತಾರೆ. ಅದರ ಜೊತೆಗೇ 8 ಕಾರ್ಡಿನ ಬೂಸ್ಟರ್ ಪ್ಯಾಕೆಟ್ಟನ್ನೂ ಮಾರೋಕೆ ಇಟ್ರು, ತಗೊಂಡೋನು ತನ್ನದೇ ಡೆಕ್ ಕಟ್ಕೊಂಡು ಬರಬಹುದು ಅಂದ್ರು. ಅಲ್ಲಿಗೆ ಪಕ್ಕದಲ್ಲಿ ಕೂತೋನು ಬಾಕ್ಸಿನ ಡೆಕ್ಕಿಂದ ಎಳೀತಾನೆ, ಇವನು ಆರಿಸಿ ಇಟ್ಕೊಂಡ ಒಳ್ಳೆ ಕಾರ್ಡಲ್ಲಿ ಎಳೀತಾನೆ. 2011ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ ಹೆಸರುವಾಸಿ ಆರ್‌ಪಿಜಿಯ ನಾಲ್ಕನೇ ಎಡಿಶನ್ನಿಗೂ ಫಾರ್ಚೂನ್ ಕಾರ್ಡ್ಸ್ ಅಂತ ಬಂತು, ಅದೂ 8 ಕಾರ್ಡಿನ ಪ್ಯಾಕೆಟ್ಟು, ಬೇಕಿದ್ರೆ ಆಡಿ ಬೇಡ ಅಂದ್ರೆ ಬಿಡಿ ಅನ್ನೋ ಲೆಕ್ಕ. 2014ರಲ್ಲಿ ಐದನೇ ಎಡಿಶನ್ ಬಂದಾಗ ಅದು ಇರ್ಲಿಲ್ಲ. ಯಾಕೆ ಬಿಟ್ರು ಅಂತ ಕಂಪನಿ ಪರವಾಗಿ ನಾನು ಮಾತಾಡಲ್ಲ, ಆದ್ರೆ ನನ್ನ ಟೇಬಲ್ಲಲ್ಲಿ ಕಂಡಿದ್ದನ್ನ ಹೇಳ್ತೀನಿ.

ವಾರಾಂತ್ಯಕ್ಕೆ ನಾನು ಗೇಮ್ ಮಾಸ್ಟರ್ ಆಗಿ ಆಡಿಸ್ತೀನಿ, ಅಂದ್ರೆ ಕಥೆ ನಡೆಸೋದೂ ರಾಕ್ಷಸರನ್ನ ಆಡಿಸೋದೂ ನನ್ನ ಕೆಲಸ. ಟೇಬಲ್ ಸುತ್ತ ಐದು ಜನ, ಒಬ್ಬ ವೈಟ್‌ಫೀಲ್ಡಲ್ಲಿ ಒಳ್ಳೆ ಸಂಬಳದೋನು, ಒಬ್ಳು ಇನ್ನೂ ಕಾಲೇಜು, ಬಿಎಂಟಿಸಿ ಪಾಸಲ್ಲಿ ಓಡಾಡೋಳು. ಸಂಬಳದೋನು ಪ್ಯಾಕೆಟ್ ಮೇಲೆ ಪ್ಯಾಕೆಟ್ ಒಡೆದು ಒಂದು ಸಖತ್ ರೇರ್ ಕಾರ್ಡ್ ತಂದ ಅನ್ಕೊಳಿ. ಈಗ ಅವನು ಯಾರನ್ನ ಸೋಲಿಸ್ಬೇಕು? ಎದುರಿಗೆ ಇರೋದು ನಾನು, ರಾಕ್ಷಸನಿಗೆ ಎಷ್ಟು ಹಿಟ್ ಪಾಯಿಂಟ್, ಅಂದ್ರೆ ಅವನು ಎಷ್ಟು ಏಟು ತಡ್ಕೋತಾನೆ ಅಂತ ಬರಕೊಳ್ಳೋದೂ ನಾನೇ. ಅವನ ಕಾರ್ಡ್ ಜೋರಾಗಿದೆ ಅಂತ ಗೊತ್ತಾದ ತಕ್ಷಣ ಯಾವ ಗೇಮ್ ಮಾಸ್ಟರ್ ಆದ್ರೂ ರಾಕ್ಷಸನ್ನ ಜೋರು ಮಾಡ್ತಾನೆ, ಮಾಡ್ಲೇಬೇಕು, ಇಲ್ಲಾಂದ್ರೆ ಸಂಜೆ ಹತ್ತು ನಿಮಿಷಕ್ಕೆ ಮುಗಿಯತ್ತೆ. ಸರಿ, ಅವನ ದುಡ್ಡು ಅಲ್ಲಿಗೆ ವಜಾ ಆಯ್ತು, ಆ ಕಾಲೇಜು ಹುಡುಗಿಗೆ ಮಾತ್ರ ಆ ಜೋರಾದ ರಾಕ್ಷಸ ಪುಕ್ಕಟೆಯಾಗಿ ಸಿಕ್ತು. ನಾನು ಜೋರು ಮಾಡದೇ ಬಿಟ್ರೆ ಉಳಿದ ನಾಲ್ಕು ಜನ ಅವನ ಕಾರ್ಡಿನ ಮೆರವಣಿಗೆ ನೋಡ್ತಾ ಕೂರ್ಬೇಕು. ಅದೇ ವಿಜರ್ಡ್ಸ್ ಕಂಪನಿಯ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಗೇಮಲ್ಲಿ ಹಿಂಗಾಗಲ್ಲ, ಅಲ್ಲಿ ಎದುರಿಗೆ ಕೂತೋನು ನಿಜವಾದ ಎದುರಾಳಿ, ನೀವು ಖರೀದಿ ಮಾಡಿದ ಬಲವನ್ನ ಅಳೀದು ಸರಿತೂಗಿಸೋಕೆ ಅಲ್ಲಿ ಯಾರೂ ಇಲ್ಲ. ಅದಕ್ಕೇ 1993ರಿಂದ ಆ ಪ್ಯಾಕೆಟ್ ವ್ಯಾಪಾರ ನಡ್ಕೊಂಡು ಬಂದಿದೆ, ಅದರ ಬಗ್ಗೆ ನನ್ನ ತಕರಾರು ಬೇರೆ, ಇವತ್ತು ಬೇಡ.

ಇಷ್ಟು ಹೇಳಿದ ಮೇಲೂ ಒಬ್ಬ ಕೇಳ್ದ, "ಆದ್ರೆ ಮೇಡಂ, 1997ರಲ್ಲಿ ಡಿ ಅಂಡ್ ಡಿ ಮಾಡ್ತಿದ್ದ ಟಿಎಸ್‌ಆರ್ ಕಂಪನಿಯನ್ನ ಕೊಂಡ್ಕೊಂಡಿದ್ದು ಕಾರ್ಡ್ ಮಾರ್ತಿದ್ದ ವಿಜರ್ಡ್ಸೇ ಅಲ್ವಾ?" ಹೌದಪ್ಪಾ, ಅವರೇ. ಆದ್ರೆ ಅದಕ್ಕೂ ಮುಂಚೆ 1994ರಲ್ಲಿ ಟಿಎಸ್‌ಆರ್ ಕೂಡ ಸ್ಪೆಲ್‌ಫೈರ್ ಅಂತ ತನ್ನದೇ ಕಾರ್ಡ್ ಗೇಮ್ ತಂದಿತ್ತು, ಅದು ಯಾಕೆ ಅವರನ್ನ ಉಳಿಸ್ಲಿಲ್ಲ ಅಂತಾನೂ ಯೋಚ್ನೆ ಮಾಡು ಅಂದೆ. ಸುಮ್ನಾದ. ಪಾಪ, ಅವನ ಕಷ್ಟ ನನಗೆ ಅರ್ಥ ಆಗತ್ತೆ. ಆರ್‌ಪಿಜಿಯಲ್ಲಿ ಒಬ್ಬ ಪುಸ್ತಕ ತಗೊಂಡ್ರೆ ಐದು ಜನ ವರ್ಷಗಟ್ಲೆ ಆಡ್ತಾರೆ, ಮಾಡಿದೋನಿಗೆ ಒಂದೇ ಸಲ ದುಡ್ಡು. ತಿಂಗಳು ತಿಂಗಳು ಏನಾದ್ರೂ ಬರ್ಲಿ ಅಂತ ಆಸೆ ಪಡೋದು ತಪ್ಪಲ್ಲ.

ಸರಿ, ಲೆಕ್ಕಾನಾದ್ರೂ ನೋಡೋಣ. ನಿಮ್ಮ ಸೆಟ್ಟಲ್ಲಿ 80 ಬೇರೆ ಬೇರೆ ಕಾರ್ಡು, ಪ್ಯಾಕೆಟ್ಟಿಗೆ 8 ಅನ್ಕೊಳಿ. "ಹತ್ತು ಪ್ಯಾಕೆಟ್ ತಗೊಂಡ್ರೆ ಸೆಟ್ ಮುಗೀತು" ಅಂತಾರೆ. ಮುಗಿಯಲ್ಲ. ಎಲ್ಲಾ ಕಾರ್ಡೂ ಸಮಾನ ಸಂಖ್ಯೇಲಿ ಇದ್ರೂ ಸೆಟ್ ಪೂರ್ತಿ ಆಗೋಕೆ ಸರಾಸರಿ 50 ಪ್ಯಾಕೆಟ್ ಹತ್ರ ಬೇಕು, ಯಾಕಂದ್ರೆ ಕೊನೆಗೆ ಉಳಿದ ನಾಲ್ಕೈದು ಕಾರ್ಡಿಗೋಸ್ಕರ ಇದ್ದಿದ್ದೇ ಇದ್ದಿದ್ದು ಬರ್ತಾ ಇರತ್ತೆ. ಅದ್ರಲ್ಲಿ 20 ಕಾರ್ಡನ್ನ ರೇರ್ ಮಾಡಿ ಪ್ಯಾಕೆಟ್ಟಿಗೆ ಒಂದೇ ಹಾಕಿದ್ರೆ ಆ 20 ಸೇರಿಸೋಕೇ ಸರಾಸರಿ 72 ಪ್ಯಾಕೆಟ್, 150ರ ಲೆಕ್ಕದಲ್ಲಿ 10,800 ರೂಪಾಯಿ. ಇನ್ನೊಂದು ಭ್ರಮೆ, ಯಾವುದೋ ಕಾರ್ಡು "ಎಂಟು ಪ್ಯಾಕೆಟ್ಟಿಗೊಂದು" ಅಂತ ಬರೆದಿದ್ರೆ ಎಂಟು ಒಡೆದಾಗ ಒಂದು ಗ್ಯಾರಂಟಿ ಅಂತ. ಪ್ರತಿ ಪ್ಯಾಕೆಟ್ಟೂ ಬೇರೆ ಬೇರೆಯಾಗಿ ತುಂಬಿದ್ರೆ, ಎಂಟು ಒಡೆದ 100 ಜನರಲ್ಲಿ ಸುಮಾರು 34 ಜನಕ್ಕೆ ಒಂದೂ ಸಿಗಲ್ಲ. ಆ 34 ಜನ ನಿಮ್ಮ ಇನ್‌ಸ್ಟಾಗ್ರಾಮಿಗೆ ಬಂದು ಏನು ಬರೀತಾರೆ ಅಂತ ನಾನು ಹೇಳ್ಬೇಕಾ.

ಡಬಲ್ ಬಂದ ಕಾರ್ಡನ್ನ ಬದಲಾಯಿಸ್ಕೋತಾರೆ ಬಿಡಿ ಅಂತಾರೆ. ಯಾರ ಜೊತೆ? ಹೆಸರು ಮಾಡಿದ ಕಾರ್ಡ್ ಗೇಮಿಗೆ ವಾರ ವಾರ ಅಂಗಡೀಲಿ ಸೇರೋ ಜನ ಇದಾರೆ, ಹಳೇ ಕಾರ್ಡ್ ಕೊಳ್ಳೋರು ಇದಾರೆ. ನಿಮ್ಮ ಆಟವನ್ನ ಇಡೀ ಬೆಂಗಳೂರಲ್ಲಿ ನಾಲ್ಕು ಟೇಬಲ್ ಆಡ್ತಿದ್ರೆ ಒಂದು ಬನಶಂಕರೀಲಿ, ಇನ್ನೊಂದು ಹೆಬ್ಬಾಳದಲ್ಲಿ, ಒಂದು ಕಾರ್ಡ್ ಬದಲಾಯಿಸೋಕೆ ಇಡೀ ಊರು ದಾಟ್ಕೊಂಡು ಯಾರು ಬರ್ತಾರೆ?

ಇನ್ನು ಪ್ರಿಂಟಿಂಗ್. ಒಬ್ಬ ಹುಡುಗ ನನ್ನ ಮಾತು ಕೇಳ್ದೆ ಸುಲ್ತಾನ್‌ಪೇಟೆ ಕಡೆ ಒಂದು ಪ್ರೆಸ್ಸಲ್ಲಿ ಮಾಡಿಸ್ದ. 12×18 ಇಂಚಿನ ಶೀಟಲ್ಲಿ ಬ್ಲೀಡ್, ಅಂದ್ರೆ ಕಟ್ ಮಾಡೋಕೆ ಸುತ್ತ ಬಿಡೋ ಅಂಚು, ಬಿಟ್ಟು 18 ಕಾರ್ಡ್ ಕೂರತ್ತೆ, ಶೀಟುಗಳನ್ನ ಒಂದರ ಮೇಲೊಂದು ಇಟ್ಟು ಕಟಿಂಗ್ ಮಷೀನಿಗೆ ಕೊಟ್ರೆ ಒಂದೊಂದು ಕಟ್ಟಲ್ಲೂ ಒಂದೇ ಕಾರ್ಡು. ಪ್ಯಾಕ್ ಮಾಡೋ ಅಮ್ಮಂದಿರು ಮದುವೆ ಕಾರ್ಡಿಗೆ ಕವರ್ ಹಾಕೋ ಕೈಚಳಕದಲ್ಲೇ ಸಾಲಾಗಿ ಕೂತು ಪ್ರತಿ ಕಟ್ಟಿಂದ ಒಂದೊಂದು ಎತ್ತಿ, ಮೇಲೆ ಒಂದು ರೇರ್ ಇಟ್ಟು, ಟಪ್ ಟಪ್ ಅಂತ ಸೀಲ್ ಮಾಡಿದ್ರು. ಒಂದು ಸಂಜೆಗೆ ಕೆಲಸ ಮುಗೀತು, ಅಚ್ಚುಕಟ್ಟು ಅಂದ್ರೆ ಅಚ್ಚುಕಟ್ಟು, ಒಂದು ಮೂಲೇನೂ ಮಡಚಿರ್ಲಿಲ್ಲ. ಆದ್ರೆ ರೇರ್ ಕಾರ್ಡೆಲ್ಲಾ ಒಂದರಿಂದ ಇಪ್ಪತ್ತರ ತನಕ ನಂಬರ್ ಪ್ರಕಾರ ಹೋಗಿದ್ವು, ಪ್ಯಾಕೆಟ್ಟೂ ಅದೇ ಸಾಲಲ್ಲಿ ಡಬ್ಬಕ್ಕೆ ಬಿದ್ದಿದ್ವು. ಜಯನಗರದ ಅಂಗಡೀಲಿ ಒಬ್ಬ ಪಿಯುಸಿ ಹುಡುಗ ಮೂರನೇ ಪ್ಯಾಕೆಟ್ ಒಡೆಯೋ ಮುಂಚೆ "ಅಂಕಲ್, ಇದ್ರಲ್ಲಿ ಏಳನೇ ನಂಬರ್ ಇರತ್ತೆ" ಅಂದ, ಇತ್ತು. ಆಮೇಲೆ ತನಗೆ ಬೇಕಿದ್ದ ಎರಡು ಪ್ಯಾಕೆಟ್ ಎಣಿಸಿ ಎತ್ಕೊಂಡು ಹೋದ. ಆ ಹುಡುಗನ್ನ ಕೆಲಸಕ್ಕೆ ಇಟ್ಕೊಳ್ಳೋಣ ಅನ್ನಿಸ್ತು ನನಗೆ. ನಿಜವಾಗ್ಲೂ ಕಲೆಸಿ ಪ್ಯಾಕ್ ಮಾಡೋದು ಬೇರೆ ಖರ್ಚು, ಬೇರೆ ಮೇಲ್ವಿಚಾರಣೆ, ಕೊಟೇಶನ್ ತಗೊಳ್ಳುವಾಗ ಅದನ್ನ ಕೇಳಿದೋರನ್ನ ನಾನು ಇನ್ನೂ ನೋಡಿಲ್ಲ.

ಕಾನೂನಿನ ಮಾತು ಬಂದ್ರೆ ನಾನು ವಕೀಲೆ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಬೆಲ್ಜಿಯಂ 2018ರಲ್ಲಿ ಕೆಲವು ವಿಡಿಯೋ ಗೇಮಿನ ಲೂಟ್ ಬಾಕ್ಸನ್ನ, ಅಂದ್ರೆ ದುಡ್ಡು ಕೊಟ್ಟು ತೆಗೆದ ಮೇಲೇ ಒಳಗೆ ಏನಿದೆ ಅಂತ ಗೊತ್ತಾಗೋ ಡಬ್ಬವನ್ನ, ಜೂಜು ಅಂತ ತೀರ್ಮಾನಿಸಿತು, ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಇವೆರಡೂ ನಿಮ್ಮ ರಟ್ಟಿನ ಕಾರ್ಡಿಗೆ ನೇರವಾಗಿ ತಗುಲತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ಮಕ್ಕಳು ಕೊಳ್ಳೋ ವಸ್ತು ಆದ್ರೆ ಒಮ್ಮೆ ವಕೀಲರನ್ನ ಕೇಳಿಬಿಡಿ.

ಹಾಗಾದ್ರೆ ಕಾರ್ಡೇ ಬೇಡ್ವಾ ಅಂದ್ರೆ, ಬೇಕು, ದಂಡಿಯಾಗಿ ಬೇಕು. 1975ರಲ್ಲೇ ಡಿ ಅಂಡ್ ಡಿಗೆ ಡೆಕ್ ಆಫ್ ಮೆನಿ ಥಿಂಗ್ಸ್ ಬಂದಿತ್ತು, ಒಂದು ಎಲೆ ಎಳೆದ್ರೆ ಸಂಪತ್ತು, ಇನ್ನೊಂದು ಎಳೆದ್ರೆ ಸರ್ವನಾಶ, ಇವತ್ತಿಗೂ ಟೇಬಲ್ಲಿಗೆ ಅದು ಬಂತು ಅಂದ್ರೆ ಎಲ್ರೂ ಕುರ್ಚಿ ಮುಂದಕ್ಕೆ ಎಳ್ಕೋತಾರೆ. ಯಾರೂ ಪ್ಯಾಕೆಟ್ ಒಡೀಬೇಕಾಗಿಲ್ಲ. ಫ್ಯಾಂಟಸಿ ಫ್ಲೈಟ್ ಕಂಪನಿ 2008ರಿಂದ ಲಿವಿಂಗ್ ಕಾರ್ಡ್ ಗೇಮ್ ಅಂತ ಶುರು ಮಾಡ್ತು, ಹೊಸ ಪ್ಯಾಕ್ ಬರ್ತಾನೇ ಇರತ್ತೆ, ಒಳಗೆ ಏನಿದೆ ಅನ್ನೋದು ಮೊದ್ಲೇ ಗೊತ್ತಿರತ್ತೆ. ನೀವೂ ಹಂಗೇ ಮಾಡಿ: ಮಳೆಗಾಲಕ್ಕೆ ಒಂದು ಕಾಡಿನ ಡೆಕ್, ದೀಪಾವಳಿಗೆ ಒಂದು ಪಾತಾಳದ ಡೆಕ್, 40 ಕಾರ್ಡು, ಪಟ್ಟಿ ಡಬ್ಬದ ಹಿಂದೆ. ಟೇಬಲ್ಲಿಗೆ ಒಂದು ಸಾಕು ಅನ್ನೋದನ್ನ ಮುಚ್ಚಿಡದೇ ಹೇಳಿ, ಬೆಲೆಯನ್ನ ಅದಕ್ಕೆ ತಕ್ಕಂಗೆ ಸ್ವಲ್ಪ ಜಾಸ್ತೀನೇ ಇಡಿ, ಐದು ಜನ ಹಂಚ್ಕೊಂಡು ಕೊಡ್ತಾರೆ. ಎಷ್ಟು ಮಾರತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ, ಆಟ ಚೆನ್ನಾಗಿರ್ಬೇಕು ಮೊದಲು.

ಇಷ್ಟಾದ ಮೇಲೂ ರ್‍ಯಾಂಡಮ್ ಪ್ಯಾಕೇ ಬೇಕು ಅಂದ್ರೆ ನಿಮ್ಮಿಷ್ಟ, ಯಾವ ಕಾರ್ಡು ಎಷ್ಟಕ್ಕೊಂದು ಅಂತ ಕವರ್ ಮೇಲೆ ದೊಡ್ಡದಾಗಿ ಹಾಕಿ, ಮತ್ತೆ ದಯವಿಟ್ಟು ಪ್ರೆಸ್ಸಿಗೆ ಅಡ್ವಾನ್ಸ್ ಕೊಡೋ ಮುಂಚೆ ನನ್ನ ಹತ್ರ ಬನ್ನಿ. ಕಟಿಂಗ್ ಆಗಿ ಸೀಲ್ ಬಿದ್ದ ಮೇಲೆ ಮೂಟೆ ಹೊತ್ಕೊಂಡು ಬಂದು "ಮೇಡಂ, ಏನಾದ್ರೂ ಮಾಡಿ" ಅಂದ್ರೆ ನಾನು ಕಾಫಿ ಕೊಡಬಹುದು ಅಷ್ಟೇ.