ಮೊದಲ ಉರಿಗೇ ಬಾಯಿ ಬಿಡಿ

ಓಟದ ಮೂರನೇ ದಿನದ ಸಂಜೆ. ವೈದ್ಯಕೀಯ ಟೆಂಟಿನಲ್ಲಿ ನೆಲದ ಮೇಲೆ ಕೂತು ಒಬ್ಬ ಓಟಗಾರನ ಸಾಕ್ಸ್ ಬಿಡಿಸುತ್ತಿದ್ದೆ. ಬರುತ್ತಿರಲಿಲ್ಲ. ರಕ್ತ, ಮರಳು, ಬೆವರು ಎಲ್ಲ ಸೇರಿ ಬಟ್ಟೆ ಹಿಮ್ಮಡಿಗೆ ಅಂಟಿಕೊಂಡಿತ್ತು. ಸಲೈನ್ ಹಾಕಿ ನೆನೆಸಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕಾಯಿತು.

"ಯಾವಾಗಿಂದ ಉರೀತಿದೆ?"

"ಮೊದಲನೇ ದಿನ ಮಧ್ಯಾಹ್ನದಿಂದ, ಮೇಡಂ."

"ಜೊತೆಯವರಿಗೆ ಹೇಳಲಿಲ್ವಾ?"

ಟೆಂಟಿನ ಹೊರಗೆ ಕಾಯುತ್ತಿದ್ದ ಇಬ್ಬರು ಗೆಳೆಯರ ಕಡೆ ನೋಡಿದ. "ನನ್ನಿಂದ ಅವರಿಗೆ ತಡ ಆಗೋದು ಬೇಡ ಅಂತ ಸುಮ್ನಿದ್ದೆ."

ಫಿಸಿಯೋಥೆರಪಿಸ್ಟ್ ಆಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗೆಳೆಯರು ಸೇರಿ ಹಲವು ದಿನಗಳ ಅಲ್ಟ್ರಾ ಓಟಕ್ಕೆ, ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ಹೊರಟಾಗ ನನಗೆ ಅವರ ಕಾಲಿನ ಬಲಕ್ಕಿಂತ ಜಾಸ್ತಿ ಚಿಂತೆಯಾಗುವುದು ಈ ಸುಮ್ಮನಿರುವಿಕೆಯದ್ದೇ. ಒಬ್ಬನೇ ಓಡುವವನು ನೋವಾದರೆ ನಿಲ್ಲುತ್ತಾನೆ. ಗೆಳೆಯರ ಜೊತೆ ಇರುವವನು ಹಲ್ಲು ಕಚ್ಚಿಕೊಂಡು ಹೋಗುತ್ತಾನೆ, ಅದೂ ಪ್ರೀತಿಯಿಂದಲೇ.

ಒಂದೇ ದಿನದ ಓಟದಲ್ಲಿ ಹಾಗೆ ಮಾಡಿದರೂ ಹೇಗೋ ನಡೆದುಹೋಗುತ್ತದೆ. ಮುಗಿಸಿ ಮನೆಗೆ ಹೋಗಿ ಮಲಗಬಹುದು. ಇಲ್ಲಿ ಹಾಗಲ್ಲ. 1986ರಲ್ಲಿ ಶುರುವಾದ, ಮೊರಾಕ್ಕೋದ ಸಹಾರಾದಲ್ಲಿ ನಡೆಯುವ ಮ್ಯಾರಥಾನ್ ಡೆ ಸಾಬ್ಲ್ ಓಟವನ್ನೇ ನೋಡಿ. ಸುಮಾರು 250 ಕಿಲೋಮೀಟರ್ ದಾರಿಯನ್ನು ದಿನಕ್ಕಿಷ್ಟು ಅಂತ ಹಂಚಿರುತ್ತಾರೆ. ಊಟ, ಮಲಗುವ ಚೀಲ ಎಲ್ಲ ಬೆನ್ನ ಮೇಲೆಯೇ. ಇವತ್ತಿನ ಗಾಯವನ್ನು ಹೊತ್ತುಕೊಂಡೇ ನಾಳೆ ಎದ್ದು ಓಡಬೇಕು.

ಬೊಬ್ಬೆ ಹೇಗೆ ಏಳುತ್ತದೆ ಅಂತ ಗೊತ್ತಾದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬರೀ ಉಜ್ಜಿ ಉಜ್ಜಿ ಚರ್ಮ ಸವೆಯುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ನಿಜವಾಗಿ ಆಗುವುದು ಬೇರೆ. ಬೆವರಿಗೆ ಒದ್ದೆಯಾದ ಚರ್ಮದ ಮೇಲ್ಪದರ ಸಾಕ್ಸಿಗೆ ಕಚ್ಚಿಕೊಳ್ಳುತ್ತದೆ. ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. ನಡುವೆ ಸಿಕ್ಕಿದ ಪದರ ಸಾವಿರಾರು ಸಲ ಎಳೆದಾಡಿ ಕೊನೆಗೆ ಬಿರಿಯುತ್ತದೆ. ಆ ಬಿರುಕಿಗೆ ನೀರು ತುಂಬುತ್ತದೆ. ಬಿರಿಯುವ ಮೊದಲು ಒಂದು ಜಾಗದಲ್ಲಿ ಬಿಸಿ ಬಿಸಿಯಾಗಿ ಉರಿಯುತ್ತದಲ್ಲ, ಆಗ ನಿಂತರೆ ಐದು ನಿಮಿಷದ ಕೆಲಸ. ಶೂ ಕಳಚಿ, ಮರಳು ಕೊಡವಿ, ಕಾಲು ಒಣಗಿಸಿ, ಸುಕ್ಕಿಲ್ಲದಂತೆ ಟೇಪ್ ಹಾಕಿ ಹೊರಡಬಹುದು. ಯಾವ ಜಾಗ ಉರಿಯುತ್ತದೆ ಅಂತ ತರಬೇತಿಯಲ್ಲೇ ಗೊತ್ತಾಗಿದ್ದರೆ ಬೆಳಿಗ್ಗೆ ಹೊರಡುವ ಮೊದಲೇ ಟೇಪ್ ಹಾಕಿ. ಇಂಥದೇ 250 ಕಿಲೋಮೀಟರ್ ಓಟಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಮೂಲಿ ಪೇಪರ್ ಟೇಪ್ ಬೊಬ್ಬೆಗಳನ್ನು ಶೇ 40ರಷ್ಟು ಕಡಿಮೆ ಮಾಡಿತ್ತು.

ಆ ಐದು ನಿಮಿಷ ಉಳಿಸಲು ಹೋದರೆ ಏನಾಗುತ್ತದೆ? ಮರುದಿನ ಹಿಮ್ಮಡಿ ಊರಲು ಆಗುವುದಿಲ್ಲ. ಕಾಲನ್ನು ಓರೆಯಾಗಿ ಇಡಲು ಶುರು ಮಾಡುತ್ತೀರಿ. ಭಾರವೆಲ್ಲ ಇನ್ನೊಂದು ಕಾಲಿನ ಮಂಡಿಗೆ ಬೀಳುತ್ತದೆ. ಮೂರನೇ ದಿನ ನನ್ನ ಹತ್ತಿರ ಮಂಡಿ ನೋವು ಅಂತ ಬರುತ್ತಾರೆ. ನಾನು ಮೊದಲು ಪಾದ ನೋಡುತ್ತೇನೆ.

ಅದಕ್ಕೇ ನನ್ನ ಹತ್ತಿರ ಸಲಹೆಗೆ ಬರುವ ಗುಂಪುಗಳಿಗೆ ಹೊರಡುವ ಮೊದಲು ಒಟ್ಟಿಗೆ ಕೂತು ಮಾತಾಡಿಕೊಳ್ಳಿ ಅನ್ನುತ್ತೇನೆ. ಎಲ್ಲರೂ ಜೊತೆಯಾಗೇ ಮುಗಿಸಬೇಕಾ, ಅಥವಾ ಅವರವರ ವೇಗದಲ್ಲಿ ಓಡಿ ಸಂಜೆ ಟೆಂಟಿನಲ್ಲಿ ಸೇರುವುದಾ? ಎರಡೂ ಸರಿಯೇ. ಆದರೆ ಒಬ್ಬನ ಮನಸ್ಸಿನಲ್ಲಿ ಒಂದು, ಇನ್ನೊಬ್ಬನ ಮನಸ್ಸಿನಲ್ಲಿ ಇನ್ನೊಂದು ಇದ್ದರೆ ಎರಡನೇ ದಿನವೇ ಮುಖ ಊದಿಸಿಕೊಳ್ಳುವುದು ಶುರುವಾಗುತ್ತದೆ. ಜೊತೆಯಾಗಿ ಅಂತ ತೀರ್ಮಾನವಾದರೆ ನಿಧಾನ ಓಡುವವರೇ ಮುಂದೆ ಇರಲಿ. ಅವರನ್ನು ಹಿಂದೆ ಹಾಕಿದರೆ ದಿನವಿಡೀ ಏದುಸಿರು ಬಿಡುತ್ತಾ ನಿಮ್ಮ ಬೆನ್ನು ನೋಡುತ್ತಿರುತ್ತಾರೆ, ಉರಿ ಹತ್ತಿದರೂ ಹೇಳುವುದಿಲ್ಲ. ಒಬ್ಬರು ಓಟ ಬಿಟ್ಟರೆ ಉಳಿದವರು ಮುಂದುವರಿಯಬೇಕಾ ಅನ್ನುವುದನ್ನೂ ಮೊದಲೇ ಮಾತಾಡಿ. ಸುಸ್ತಾಗಿ, ಹಸಿದು, ಕಣ್ಣೀರು ಬರುವ ಹೊತ್ತಿನಲ್ಲಿ ಅದನ್ನು ತೀರ್ಮಾನಿಸಲು ಹೋಗಬೇಡಿ.

ತರಬೇತಿಯಲ್ಲಿ ಶನಿವಾರ, ಭಾನುವಾರ ಸತತವಾಗಿ ಬ್ಯಾಗ್ ಹೊತ್ತು ಒಟ್ಟಿಗೆ ಓಡಿ. ಎರಡನೇ ದಿನ ಬೆಳಿಗ್ಗೆ ಯಾರು ಮಾತು ಕಮ್ಮಿ ಮಾಡುತ್ತಾರೆ, ಯಾರಿಗೆ ಹಸಿವಾದರೆ ಸಿಡುಕು ಬರುತ್ತದೆ ಅಂತ ಗೊತ್ತಾಗುತ್ತದೆ. ಓಟದ ದಿನ ಇದು ತುಂಬಾ ಕೆಲಸಕ್ಕೆ ಬರುತ್ತದೆ.

ಇನ್ನು ಪ್ರೀತಿಯೇ ಅಪಾಯ ತರುವ ಎರಡು ಸಂಗತಿ ಹೇಳಬೇಕು. ಒಂದು, ನೀರು. ಗೆಳೆಯ ಸುಸ್ತಾಗಿ ಕಂಡರೆ ಸಾಕು, ಬಾಟಲಿ ಹಿಡಿದು "ಕುಡಿ, ಇನ್ನೂ ಕುಡಿ" ಅನ್ನುತ್ತೇವೆ. ಬಾಯಾರಿಕೆಗಿಂತ ಜಾಸ್ತಿ ನೀರು ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಮಿದುಳು ಊದಿಕೊಳ್ಳುವ ಮಟ್ಟಕ್ಕೂ ಹೋಗಬಹುದು, ಜೀವಕ್ಕೇ ಕುತ್ತು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಗೆ ಸೋಡಿಯಂ ಇಳಿದಿತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ ಈ ತೊಂದರೆ ಜಾಸ್ತಿ ಇತ್ತು, ಅಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ. ಅದು ಒಂದೇ ದಿನದ ಓಟ. ಬಾಯಾರಿದಾಗ ಕುಡಿಯಿರಿ, ಒತ್ತಾಯ ಮಾಡಬೇಡಿ. ಕೈಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ತೊದಲು ಮಾತು ಕಂಡರೆ ಇನ್ನಷ್ಟು ನೀರು ಕೊಡುವ ಬದಲು ವೈದ್ಯರನ್ನು ಕರೆಯಿರಿ.

ಎರಡನೆಯದು, ನೋವಿನ ಮಾತ್ರೆ. "ನನ್ನ ಹತ್ತಿರ ಐಬುಪ್ರೊಫೆನ್ ಇದೆ, ತಗೋ" ಅನ್ನುವುದು ಈ ಓಟಗಳಲ್ಲಿ ದಿನಾ ಕೇಳುವ ಮಾತು. ದಯವಿಟ್ಟು ಬೇಡ. ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಮ್ಮಿಯಾಗಿರುತ್ತದೆ. ಈ ಮಾತ್ರೆ ಅದನ್ನು ಇನ್ನೂ ಕಮ್ಮಿ ಮಾಡುತ್ತದೆ. ಹಲವು ದಿನಗಳ ಓಟದಲ್ಲಿ 80 ಕಿಲೋಮೀಟರ್ ಹಂತದ ದಿನ ಅರ್ಧದಷ್ಟು ಜನರಿಗೆ ಐಬುಪ್ರೊಫೆನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾದ ಲಕ್ಷಣ ಐಬುಪ್ರೊಫೆನ್ ತಗೊಂಡವರಲ್ಲಿ ಶೇ 52 ಮಂದಿಗೆ, ತಗೊಳ್ಳದವರಲ್ಲಿ ಶೇ 34 ಮಂದಿಗೆ ಕಂಡಿತ್ತು. ಮೂತ್ರ ಹಾಲಿಲ್ಲದ ಟೀಯಂತೆ ಕಡು ಕಂದಾದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಅಂತ ಅನುಮಾನಿಸಬೇಕು. ಆ ದಿನ ಓಟ ಅಲ್ಲಿಗೇ ನಿಲ್ಲಬೇಕು. ನಾಚಿಕೆ ಬಿಟ್ಟು ಒಬ್ಬರಿಗೊಬ್ಬರು ಮೂತ್ರದ ಬಣ್ಣ ಕೇಳಿಕೊಳ್ಳಿ.

ಹಿಮ್ಮಡಿ ಸುಲಿದುಕೊಂಡ ಆ ಹುಡುಗ ಮರುದಿನ ಓಡಲಿಲ್ಲ. ಗೆಳೆಯರಿಗೆ ವಿಷಯ ಗೊತ್ತಾದಾಗ ಒಬ್ಬ ಟೆಂಟಿನಲ್ಲೇ ಅತ್ತುಬಿಟ್ಟ. "ಹೇಳಿದ್ರೆ ನಿಲ್ತಿದ್ವಲ್ಲೋ" ಅನ್ನುತ್ತಲೇ ಇದ್ದ.

ಮುಂದಿನ ವರ್ಷ ಅದೇ ಮೂವರು ಮತ್ತೆ ಬಂದರು. ಒಂದು ನಿಯಮ ಮಾಡಿಕೊಂಡಿದ್ದರು. ಪ್ರತಿ ಚೆಕ್‌ಪಾಯಿಂಟಿನಲ್ಲಿ ಮೂವರೂ ತಂತಮ್ಮ ಪಾದಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಬೇಕು. ಮೂರು ದಾಟಿದರೆ ಎಲ್ಲರೂ ಕೂರಬೇಕು, ಶೂ ಕಳಚಬೇಕು. "ಏನಿಲ್ಲ, ಪರವಾಗಿಲ್ಲ" ಅನ್ನುವಂತಿಲ್ಲ. ಮೂರನೇ ದಿನ ಸಂಜೆ ಅವನು ಮತ್ತೆ ನನ್ನ ಟೆಂಟಿಗೆ ಬಂದ. ನನಗೆ ಎದೆ ಧಸಕ್ಕೆಂದಿತು.

"ಟೇಪ್ ಖಾಲಿಯಾಯ್ತು ಮೇಡಂ, ಒಂದು ರೋಲ್ ಕೊಡ್ತೀರಾ?"