ಡೆನಿಸ್ ಟುಟಿ ಆಡದೇ ಕಳೆದ ವರ್ಷ
1969ರ ಸೆಪ್ಟೆಂಬರ್ 20ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ನಡೆದ ರಗ್ಬಿ ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ, ಗೆಲ್ಲುವುದೇ ಖಚಿತ ಎಂದು ಎಲ್ಲರೂ ನಂಬಿದ್ದ ಸೌತ್ ಸಿಡ್ನಿ ತಂಡವನ್ನು ಬಾಲ್ಮೇನ್ 11-2ರಿಂದ ಸೋಲಿಸಿತು. ಬಂದರಿನ ದಂಡೆಯಲ್ಲಿದ್ದ ಆ ಕಾರ್ಮಿಕರ ಬಡಾವಣೆಗೆ 1947ರ ನಂತರ ಪ್ರಶಸ್ತಿ ದಕ್ಕಿದ್ದು ಅಂದೇ. ಆದರೆ ಹದಿಹರೆಯದಲ್ಲೇ ಆ ಕ್ಲಬ್ಬಿನ ಮೊದಲ ದರ್ಜೆಯ ತಂಡಕ್ಕೆ ಬಂದು, 1967ರಲ್ಲಿ ಆಸ್ಟ್ರೇಲಿಯಾ ಪರವಾಗಿಯೂ ಆಡಿದ್ದ ಫಾರ್ವರ್ಡ್ ಡೆನಿಸ್ ಟುಟಿ ಅಂದು ಮೈದಾನದಲ್ಲಿ ಇರಲಿಲ್ಲ. ಅವರಿಗೆ ಗಾಯವಾಗಿರಲಿಲ್ಲ, ಆಯ್ಕೆಗಾರರು ಕೈಬಿಟ್ಟಿರಲೂ ಇಲ್ಲ. ತನ್ನ ದುಡಿಮೆಯನ್ನು ಎಲ್ಲಿ ಮಾರಬೇಕೆಂಬುದನ್ನು ತಾನೇ ನಿರ್ಧರಿಸಬೇಕೆಂಬ ಹಟಕ್ಕಾಗಿ ಅವರು ಆ ಇಡೀ ಋತುವನ್ನೇ ಬಿಟ್ಟುಕೊಟ್ಟಿದ್ದರು.

ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದೇ ಆಟಗಾರನ ಕೂಲಿಯ ಪ್ರಶ್ನೆಯಿಂದ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಕಾರ್ಮಿಕರು ಶನಿವಾರದ ಪಂದ್ಯಕ್ಕಾಗಿ ಕೆಲಸ ತಪ್ಪಿಸಿಕೊಂಡರೆ ಕಳೆದುಕೊಳ್ಳುತ್ತಿದ್ದ ಕೂಲಿಯನ್ನು ಭರಿಸಿಕೊಡಲು ಅಲ್ಲಿನ ಕ್ಲಬ್ಬುಗಳು ಬಯಸಿದವು. ಆಗ ಆಟವನ್ನು ನಡೆಸುತ್ತಿದ್ದ ರಗ್ಬಿ ಯೂನಿಯನ್ ಅದಕ್ಕೆ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾಗಿ ತಮ್ಮದೇ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಸಿಡ್ನಿಯ ಕಥೆಯೂ ಇದಕ್ಕೆ ದೂರವಲ್ಲ. ಆಟದಲ್ಲಿ ಗಾಯಗೊಂಡು ಕೆಲಸಕ್ಕೆ ಹೋಗಲಾಗದೆ ಉಳಿದವರಿಗೆ ಪರಿಹಾರ ಸಿಗುತ್ತಿಲ್ಲವೆಂಬ ಅಸಮಾಧಾನ 1907ರಲ್ಲಿ ಹೊಸ ಲೀಗ್ ಹುಟ್ಟಲು ಕಾರಣವಾಯಿತು. ಅದರ ಮೊದಮೊದಲ ಮಾತುಕತೆಗಳು ನಡೆದದ್ದು ಕ್ರಿಕೆಟ್ ಪ್ರಿಯರೆಲ್ಲ ಬಲ್ಲ ವಿಕ್ಟರ್ ಟ್ರಂಪರ್ ಅವರ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ, ಮತ್ತು ಟ್ರಂಪರ್ ಅವರೇ ಆ ಲೀಗಿನ ಮೊದಲ ಖಜಾಂಚಿ. 1908ರಲ್ಲಿ ಮೊದಲ ಸ್ಪರ್ಧೆಗೆ ಇಳಿದ ಕ್ಲಬ್ಬುಗಳಲ್ಲಿ ಬಾಲ್ಮೇನ್ ಕೂಡ ಒಂದು.

ಹೀಗೆ ಆಟಗಾರನಿಗೆ ನ್ಯಾಯ ದೊರಕಿಸಲೆಂದು ಹುಟ್ಟಿದ ಸಂಸ್ಥೆಯೇ 1960ರ ದಶಕದ ಹೊತ್ತಿಗೆ ಅವನ ಕಾಲಿಗೆ ಹಗ್ಗ ಕಟ್ಟಿತ್ತು ಎಂಬುದು ನನಗೆ ಈ ಇತಿಹಾಸದಲ್ಲಿ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ. ಐಪಿಎಲ್ ಹರಾಜಿನ ದೆಸೆಯಿಂದ 'ರಿಟೇನ್' ಎಂಬ ಮಾತು ಇಂದು ನಮಗೆಲ್ಲ ಪರಿಚಿತ. ಅಲ್ಲಿ ರಿಟೇನ್ ಆಗುವುದೆಂದರೆ ದೊಡ್ಡ ಮೊತ್ತವೂ ಹೌದು, ಗೌರವವೂ ಹೌದು. ಅಂದಿನ ಸಿಡ್ನಿಯಲ್ಲಿ ಅದರ ಅರ್ಥವೇ ಬೇರೆಯಾಗಿತ್ತು. ಕ್ಲಬ್ ತಾನು ಉಳಿಸಿಕೊಳ್ಳಲು ಬಯಸುವವರ ಪಟ್ಟಿಯನ್ನು ಲೀಗಿಗೆ ಸಲ್ಲಿಸುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿದ್ದವನು ತನ್ನ ಒಪ್ಪಂದ ಮುಗಿದಿದ್ದರೂ, ಕ್ಲಬ್ಬಿನಿಂದ ಒಂದು ಕಾಸೂ ಸಿಗದಿದ್ದರೂ, ಅದರ ಒಪ್ಪಿಗೆಯಿಲ್ಲದೆ ಬೇರೊಂದು ಕ್ಲಬ್ಬಿಗೆ ಆಡುವಂತಿರಲಿಲ್ಲ. ವರ್ಗಾವಣೆ ಪಟ್ಟಿಗೆ ಸೇರಿಸಿದರೂ ಅವನ ಮೇಲೊಂದು ಶುಲ್ಕ ಹೇರಲಾಗುತ್ತಿತ್ತು. ಅದನ್ನು ತೆರಲು ಇನ್ನೊಂದು ಕ್ಲಬ್ ಮುಂದೆ ಬರುವ ತನಕ ಅವನು ಕಾಯಬೇಕಿತ್ತು. ಕ್ಲಬ್ಬಿಗೆ ಅವನನ್ನು ಆಡಿಸುವ ಬಾಧ್ಯತೆ ಇರಲಿಲ್ಲ, ಅವನಿಗೆ ಮಾತ್ರ ಬಿಡುಗಡೆ ಇರಲಿಲ್ಲ.

ಬಾಲ್ಮೇನ್ ಬಿಡಬೇಕೆಂದು ಟುಟಿ ಬಯಸಿದಾಗ ಕ್ಲಬ್ ಅವರನ್ನು ಈ ಉಳಿಕೆ ಪಟ್ಟಿಯಲ್ಲೇ ಇರಿಸಿತು. ಅವರು ಆಡುವುದನ್ನು ನಿಲ್ಲಿಸಿದರು. ರಗ್ಬಿ ಲೀಗ್ ಫಾರ್ವರ್ಡ್ ಒಬ್ಬನಿಗೆ ಒಂದು ವರ್ಷವೆಂದರೆ ಏನೆಂಬುದನ್ನು ಆಟವನ್ನು ಕಂಡವರು ಊಹಿಸಬಲ್ಲರು. ಚೆಂಡು ಹಿಡಿದು ಎದುರಾಳಿಗಳ ಸಾಲಿಗೆ ನೇರವಾಗಿ ನುಗ್ಗುವುದು, ಇಬ್ಬರು ಮೂವರು ಮೈಮೇಲೆ ಬಿದ್ದು ನೆಲಕ್ಕೆ ಕೆಡವುವುದು, ಎದ್ದು ನಿಂತು ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆ ಉರುಳಿಸುವುದು, ಮರುಕ್ಷಣವೇ ಮತ್ತೆ ಸಾಲಿಗೆ ಓಡುವುದು: ಎಂಬತ್ತು ನಿಮಿಷ ಇದೇ ಕೆಲಸ. ದೇಹ ಈ ಪೆಟ್ಟುಗಳನ್ನು ತಾಳುವ ಕಾಲ ಹತ್ತು ಹನ್ನೆರಡು ವರ್ಷ ಮಾತ್ರ. ಅದರಲ್ಲೂ ಇಪ್ಪತ್ತರ ಆಸುಪಾಸಿನ ವರ್ಷಗಳಿಗೆ ಬೆಲೆ ಕಟ್ಟಲಾಗದು. ಬಾಲ್ಮೇನ್ 1964 ಮತ್ತು 1966ರ ಫೈನಲ್‌ಗಳಲ್ಲಿ, ಸತತ ಹನ್ನೊಂದು ವರ್ಷ ಚಾಂಪಿಯನ್ ಆಗಿದ್ದ ಸೇಂಟ್ ಜಾರ್ಜ್ ಎದುರು ಸೋತಿತ್ತು. ಕೊನೆಗೆ ಬಾಲ್ಮೇನ್ ಗೆದ್ದ ವರ್ಷವೇ ಟುಟಿ ಹೊರಗಿದ್ದರು.

ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಒಂದು ಪೂರ್ವನಿದರ್ಶನ ಸಿದ್ಧವಿತ್ತು. 1963ರಲ್ಲಿ ಫುಟ್‌ಬಾಲ್ ಆಟಗಾರ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ್ದ ದಾವೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಇಂಥದೇ ವ್ಯವಸ್ಥೆಯನ್ನು ವೃತ್ತಿಸ್ವಾತಂತ್ರ್ಯಕ್ಕೆ ಅನುಚಿತ ಅಡ್ಡಿ ಎಂದು ಹೇಳಿತ್ತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಸುಪ್ರೀಂ ಕೋರ್ಟ್ ಟುಟಿ ಪರವಾಗಿ ತೀರ್ಪು ಕೊಟ್ಟಿತು. ಲೀಗ್ ಮೇಲ್ಮನವಿ ಸಲ್ಲಿಸಿತು. ಲೀಗಿನ ಅಧ್ಯಕ್ಷರಾಗಿದ್ದ ಬಕ್ಲಿ ಮತ್ತು ಟುಟಿ ನಡುವಣ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಈ ದಾವೆಯಲ್ಲಿ, ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಆಸ್ಟ್ರೇಲಿಯಾದ ಹೈಕೋರ್ಟ್ 1971ರ ಡಿಸೆಂಬರ್‌ನಲ್ಲಿ ಅಂತಿಮ ತೀರ್ಪು ನೀಡಿತು. ರಗ್ಬಿ ಲೀಗ್ ಒಂದು ಆಟವಾದರೂ ಹಣ ಪಡೆದು ಆಡುವವನಿಗೆ ಅದು ಉದ್ಯೋಗವೇ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ತಂಡಗಳು ಸರಿಸಮವಾಗಿರಬೇಕೆಂಬ ಲೀಗಿನ ಕಾಳಜಿ ನ್ಯಾಯವಾದದ್ದೇ, ಆದರೆ ಕ್ಲಬ್ಬಿನೊಡನೆ ಉದ್ಯೋಗ ಸಂಬಂಧವೇ ಉಳಿಯದವನನ್ನೂ ಹಿಡಿದಿಡುವ ನಿಯಮ ಆ ಕಾಳಜಿಗೆ ಬೇಕಾದದ್ದಕ್ಕಿಂತ ಬಹಳ ಮುಂದೆ ಹೋಗಿದೆ ಎಂಬುದು ತೀರ್ಪಿನ ತಿರುಳು.

ಫಲ ಬೇಗನೇ ಕಾಣಿಸಿತು, ಅದರ ಜೊತೆಗೆ ಹೊಸ ತೊಡಕುಗಳೂ ಬಂದವು. ಒಪ್ಪಂದ ಮುಗಿದವರು ಹೆಚ್ಚು ಹಣ ಕೊಡುವ ಕಡೆ ಹೋಗತೊಡಗಿದರು. 1972ರಲ್ಲಿ ಸೌತ್ ಸಿಡ್ನಿಯ ಜಾನ್ ಓನೀಲ್, ರೇ ಬ್ರಾನಿಗನ್ ಅವರನ್ನು ಸೇರಿಸಿಕೊಂಡ ಮ್ಯಾನ್ಲಿ ಅದೇ ವರ್ಷ ತನ್ನ ಮೊದಲ ಪ್ರಶಸ್ತಿ ಗೆದ್ದಿತು. ಬಡ ಕ್ಲಬ್ಬುಗಳ ಆತಂಕ ಹುರುಳಿಲ್ಲದ್ದಲ್ಲ. 1990ರಲ್ಲಿ ಒಂದು ಕ್ಲಬ್ ತನ್ನ ಆಟಗಾರರಿಗೆ ಕೊಡಬಹುದಾದ ಒಟ್ಟು ಹಣಕ್ಕೆ ವೇತನ ಮಿತಿ ಬಂದದ್ದು ಅದಕ್ಕಾಗಿಯೇ. ಅದರ ಬೆನ್ನಿಗೇ ಲೀಗ್ ಡ್ರಾಫ್ಟ್ ಪದ್ಧತಿಯನ್ನೂ ತಂದು, ಒಪ್ಪಂದ ಮುಗಿದವರು ಎಲ್ಲಿ ಆಡಬೇಕೆಂಬುದನ್ನು ಮತ್ತೆ ಕ್ಲಬ್ಬುಗಳ ಕೈಗೆ ಕೊಟ್ಟಿತು. ಈ ಬಾರಿ ನ್ಯಾಯಾಲಯಕ್ಕೆ ಹೋದದ್ದು ಒಬ್ಬನಲ್ಲ, ನೂರಕ್ಕೂ ಹೆಚ್ಚು ಆಟಗಾರರು. 1991ರಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಟುಟಿ ತೀರ್ಪಿನ ದಾರಿಯಲ್ಲೇ ನಡೆದು ಡ್ರಾಫ್ಟನ್ನು ರದ್ದುಗೊಳಿಸಿತು.

ಟುಟಿ ಪೆನ್ರಿತ್ ಪರವಾಗಿ ಆಡಿದರು; ಮುಂದೆ ಬಾಲ್ಮೇನ್‌ಗೆ ತರಬೇತುದಾರರಾಗಿಯೂ ಮರಳಿದರು. ತಾವು ಗೆದ್ದುಕೊಟ್ಟ ಸ್ವಾತಂತ್ರ್ಯದಿಂದ ಇತರರಿಗಾದಷ್ಟು ಲಾಭ ಅವರಿಗೆ ಆಗಲಿಲ್ಲ. ಬಾಲ್ಮೇನ್ 1999ರ ಋತುವಿನ ನಂತರ ವೆಸ್ಟರ್ನ್ ಸಬರ್ಬ್ಸ್ ಜೊತೆ ವಿಲೀನಗೊಂಡಿತು. 1969ರದ್ದೇ ಅದರ ಕೊನೆಯ ಪ್ರಶಸ್ತಿ. ಸಹ ಆಟಗಾರರ ಹಿತಕ್ಕಾಗಿ ದುಡಿದವರಿಗೆ ಅಲ್ಲಿನ ಆಟಗಾರರ ಸಂಘ ಕೊಡುವ ಪುರಸ್ಕಾರಕ್ಕೆ ಇಂದು ಡೆನಿಸ್ ಟುಟಿ ಅವರ ಹೆಸರಿದೆ.