ಬಾವಿ ಬತ್ತಿದ್ದು ಮಳೆಯಿಲ್ಲದೆಯೋ, ಗಣಿಯಿಂದಲೋ?

ಓದುಗರ ಪ್ರಶ್ನೆ: ಕಲ್ಲಿದ್ದಲು ಗಣಿಯಿಂದ ಸುತ್ತಲಿನ ಹೊಲ, ಬಾವಿಗಳು ಹಾಳಾದವು ಎಂದು ಆಗಾಗ ಓದುತ್ತೇವೆ. ಬರಗಾಲದಲ್ಲಿ ಗಣಿಯಿಲ್ಲದ ಊರಿನ ಬಾವಿಯೂ ಬತ್ತುತ್ತದೆ. ಹಾಗಿರುವಾಗ ಹಾನಿಯಾದದ್ದು ಗಣಿಯಿಂದಲೇ ಎಂದು ಹೇಗೆ ಗೊತ್ತುಮಾಡುತ್ತಾರೆ? ಬೆಂಗಳೂರಿನವರಾದ ನಮಗೂ ಇದಕ್ಕೂ ಏನು ಸಂಬಂಧ?

ಉತ್ತರ: ಸಂಬಂಧದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರು, ಬಳ್ಳಾರಿ, ಯರಮರಸ್ ಶಾಖೋತ್ಪನ್ನ ಸ್ಥಾವರಗಳಲ್ಲಿ ಉರಿಯುವುದು ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರದಂಥ ಕಡೆಗಳಿಂದ ಬರುವ ಕಲ್ಲಿದ್ದಲು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿಯಂತೂ 2015ರಲ್ಲಿ ನಮ್ಮದೇ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದದ್ದು. ನಮ್ಮ ಮನೆಯ ದೀಪಕ್ಕೂ ಅಲ್ಲಿನ ಹತ್ತಿ ಹೊಲಕ್ಕೂ ನಡುವೆ ಇರುವುದು ಒಂದು ರೈಲುಹಳಿ ಮತ್ತು ಒಂದು ವಿದ್ಯುತ್ ತಂತಿ.

ಈಗ ಬಾವಿಯ ವಿಚಾರ. ತೆರೆದ ಗಣಿಯ ಗುಂಡಿ ಅಂತರ್ಜಲ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಸುತ್ತಲಿನ ನೀರು ಅದರೊಳಗೆ ಜಿನುಗತೊಡಗುತ್ತದೆ. ಅಗೆಯಬೇಕಾದರೆ ತಳ ಒಣಗಿರಬೇಕು, ಹಾಗಾಗಿ ಆ ನೀರನ್ನು ಪಂಪ್ ಹಚ್ಚಿ ಹೊರಹಾಕುತ್ತಲೇ ಇರುತ್ತಾರೆ. ಇದರಿಂದ ಗುಂಡಿಯ ಸುತ್ತ ನೀರಿನ ಮಟ್ಟ ಆಲಿಕೆಯಂತೆ ಇಳಿಜಾರಾಗಿ ಕುಸಿಯುತ್ತದೆ. ಸಾಮಾನ್ಯವಾಗಿ ಗಣಿಗೆ ಹತ್ತಿರದ ಬಾವಿ ಹೆಚ್ಚು ಇಳಿಯುತ್ತದೆ, ದೂರದ್ದು ಕಡಿಮೆ.

ಬರದ ಕುಸಿತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣಿಸುತ್ತದೆ. ಮಳೆ ಕೈಕೊಟ್ಟರೆ ಇಡೀ ತಾಲ್ಲೂಕಿನ ಬಾವಿಗಳು ಹೆಚ್ಚುಕಡಿಮೆ ಒಟ್ಟಿಗೆ ಇಳಿಯುತ್ತವೆ, ಒಳ್ಳೆಯ ಮುಂಗಾರು ಬಂದರೆ ಮೇಲೇರುತ್ತವೆ. ಗಣಿ ನೀರನ್ನು ಎಳೆಯುತ್ತಿದ್ದರೆ ಹತ್ತಿರದ ಬಾವಿಗಳು ಒಳ್ಳೆಯ ಮಳೆಯ ವರ್ಷದಲ್ಲೂ ನವೆಂಬರಿನಲ್ಲಿ ಹಳೆಯ ಮಟ್ಟಕ್ಕೆ ಮರಳುವುದಿಲ್ಲ, ಗಣಿ ಆಳವಾದಂತೆಲ್ಲ ಇನ್ನಷ್ಟು ಇಳಿಯುತ್ತವೆ. ಆದ್ದರಿಂದ ಒಂದೇ ಬಾವಿಯನ್ನು ನೋಡಿ ತೀರ್ಪು ಕೊಡಲು ಬರುವುದಿಲ್ಲ. ಹತ್ತಿರದ ಕೆಲವು, ಅದೇ ಬಗೆಯ ಬಂಡೆಯಿರುವ ದೂರದ ಕೆಲವು ಬಾವಿಗಳನ್ನು ಮೇ ಮತ್ತು ನವೆಂಬರ್ ಎರಡರಲ್ಲೂ ಅಳೆದು, ಮಳೆಯ ಲೆಕ್ಕದೊಂದಿಗೆ ಇಟ್ಟು ನೋಡಬೇಕು. ರೈತರೇ ಹೊಸದಾಗಿ ಕೊರೆಸಿದ ಕೊಳವೆಬಾವಿಗಳ ಲೆಕ್ಕವನ್ನೂ ಪ್ರಾಮಾಣಿಕವಾಗಿ ಸೇರಿಸಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದಾಗ ಬರ ಎಷ್ಟು, ಅತಿಯಾಗಿ ಎತ್ತಿದ್ದು ಎಷ್ಟು ಎಂದು ವಾದಿಸಿದವರಿಗೆ ಈ ಕಷ್ಟ ತಿಳಿಯುತ್ತದೆ.

ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಬೆಳಿಗ್ಗೆ ಮೋಟಾರ್ ಹಾಕುವ ಮುನ್ನ, ಬಾವಿಕಟ್ಟೆಯ ಮೇಲೆ ಬಣ್ಣ ಬಳಿದು ಗುರುತಿಟ್ಟ ಒಂದೇ ಜಾಗದಿಂದ ತೂಕ ಕಟ್ಟಿದ ಅಳತೆ ಟೇಪು ಇಳಿಬಿಟ್ಟು, ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರಾಯಿತು. ಗಣಿ ಆರಂಭವಾಗುವ ಮೊದಲೇ ಶುರುವಾದ ಇಂಥ ನೋಟ್‌ಬುಕ್ ರೈತನ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷಿ ಎಂಬುದು ನನ್ನ ದೃಢ ನಂಬಿಕೆ. ಹಿಂದಿನ ಮಟ್ಟವೇ ಗೊತ್ತಿಲ್ಲದಿದ್ದರೆ ಕಳೆದುಕೊಂಡದ್ದನ್ನು ಯಾವ ವಿಜ್ಞಾನಿಯೂ ಲೆಕ್ಕ ಹಾಕಿ ಕೊಡಲಾರ.

ನೀರಿನ ಗುಣದ ಪರೀಕ್ಷೆಯಲ್ಲಿ ಮುಖ್ಯ ಸುಳಿವು ಸಲ್ಫೇಟ್. ಕಲ್ಲಿದ್ದಲಿನ ಜೊತೆಗಿರುವ ಪೈರೈಟ್ ಎಂಬ ಖನಿಜ ಗಾಳಿ, ನೀರು ತಗುಲಿದಾಗ ಆಮ್ಲವನ್ನು ಉಂಟುಮಾಡುತ್ತದೆ, ಕಬ್ಬಿಣ ಮತ್ತು ಸಲ್ಫೇಟನ್ನು ಬಿಡುತ್ತದೆ. ಗಂಧಕ ಹೆಚ್ಚಿರುವ ಮೇಘಾಲಯದ ಕಲ್ಲಿದ್ದಲು ಪ್ರದೇಶದ ತೊರೆಗಳು ಆಮ್ಲೀಯವಾಗಿರುವುದು ಇದರಿಂದಲೇ. ಗೋದಾವರಿ, ಮಹಾನದಿ ಕಣಿವೆಗಳ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಅಲ್ಲಿ ನೀರು ಹುಳಿಯಾಗದೆಯೂ ಗಡಸಾಗಬಹುದು, ಸಲ್ಫೇಟ್ ಏರಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 400ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಕೊಳಚೆ ಸೇರಿದ್ದರೆ ಸಾಮಾನ್ಯವಾಗಿ ಕ್ಲೋರೈಡ್, ನೈಟ್ರೇಟ್ ಏರುತ್ತವೆ. ಕ್ಲೋರೈಡ್ ಇದ್ದಲ್ಲೇ ಇದ್ದು ಸಲ್ಫೇಟ್ ಮಾತ್ರ ಏರಿದ್ದರೆ ಗಣಿಯತ್ತ ಅನುಮಾನ ಬಲವಾಗುತ್ತದೆ. ನೈಟ್ರೇಟ್ ಮಾತ್ರ ದಾರಿ ತಪ್ಪಿಸಬಹುದು: ಅದು ಯೂರಿಯಾದಿಂದಲೂ ಬರುತ್ತದೆ, ಗಣಿಯ ಸ್ಫೋಟಕದಲ್ಲಿರುವ ಅಮೋನಿಯಂ ನೈಟ್ರೇಟಿನಿಂದಲೂ ಬರುತ್ತದೆ.

ಹೊಲದಲ್ಲಿ ನೋಡಬೇಕಾದದ್ದು ಎಲೆಯ ಮೇಲಿನ ಧೂಳು ಮತ್ತು ಗಣಿ ಅಗೆದು ಸುರಿದ ಮಣ್ಣುಗುಡ್ಡಗಳಿಂದ ಮಳೆಗೆ ಕೊಚ್ಚಿ ಬರುವ ಹೂಳು. ಲಾರಿ ರಸ್ತೆಯ ಪಕ್ಕದ ಸಾಲಿನ ಹತ್ತಿಯ ಎಲೆಯನ್ನೂ ಹೊಲದ ನಡುವಿನ ಎಲೆಯನ್ನೂ ಬಿಳಿ ಬಟ್ಟೆಯಲ್ಲಿ ಒರೆಸಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಅನುಮತಿಗೆ ಮುನ್ನ ನಡೆಯುವ ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ನನಗೆ ಗಂಭೀರ ತಕರಾರಿದೆ. ಸಾಮಾನ್ಯವಾಗಿ ಗಣಿಯ ಸುತ್ತ 10 ಕಿಲೋಮೀಟರ್ ವೃತ್ತ ಎಳೆದು, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಂಗ್ರಹಿಸುತ್ತಾರೆ. ಆದರೆ ನೆಲದಡಿ ನೀರು ಹರಿಯುವುದು ಬಂಡೆಯ ಬಿರುಕು ಹಿಡಿದು. ಅರ್ಧ ಕಿಲೋಮೀಟರ್ ದೂರದ ಬಾವಿ ಉಳಿದು, ಎರಡು ಕಿಲೋಮೀಟರ್ ಆಚೆಯದು ಬತ್ತಬಹುದು. ಮಳೆಗಾಲದ ಹೂಳನ್ನು ಬೇಸಿಗೆಯ ಮಾದರಿಯಲ್ಲಿ ಹೇಗೆ ಹುಡುಕುವುದು?

ಅನುಮತಿ ಸಿಕ್ಕ ಮೇಲೆ ಕಂಪನಿ ಷರತ್ತುಗಳ ಪಾಲನಾ ವರದಿಯನ್ನು ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಇಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ವಿದ್ಯುತ್ ನಿಗಮ ನಮ್ಮ ಸರ್ಕಾರದ್ದು, ಅದರ ಕೇಂದ್ರ ಕಚೇರಿ ರೇಸ್‌ಕೋರ್ಸ್ ರಸ್ತೆಯ ಶಕ್ತಿ ಭವನದಲ್ಲಿದೆ. 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಹಾಕಬಹುದು, 30 ದಿನದೊಳಗೆ ಉತ್ತರಿಸಬೇಕು. "ಪರಿಣಾಮವೇನು?" ಎಂದು ಕೇಳಿದರೆ ಅಭಿಪ್ರಾಯ ಬರುತ್ತದೆ. ಬರಾಂಜ್ ಸುತ್ತಲಿನ ಪ್ರತಿ ವೀಕ್ಷಣಾ ಬಾವಿಯ ಮೇ ಮತ್ತು ನವೆಂಬರ್ ಮಟ್ಟ, ಸಲ್ಫೇಟ್ ಪ್ರಮಾಣ, ಗಣಿಯಿಂದ ಪಂಪ್ ಮಾಡಿದ ನೀರಿನ ಲೆಕ್ಕ, ಇವುಗಳ ವರ್ಷವಾರು ಪ್ರತಿಯನ್ನು ಕೇಳಿ.